ಬದಲಾಗಬೇಕಾದ ಮನೋಭಾವ ಯಾವುದು?

ವಿದ್ಯಾಭ್ಯಾಸದ ವಿಷಯವಾಗಿ ಈಚೆಗೆ ನಡೆಯುವ ಸಭೆಗಳಲ್ಲಿ ಒಂದು ಮಾತು ಮಂತ್ರದಂತೆ ಜಪಿಸಲ್ಪಡುತ್ತಿದೆ. “ಉಪಾಧ್ಯಾಯರ ಮನೋಭಾವ ಬದಲಾಗಬೇಕು” ಎಂಬುದೇ ಆ ಮಾತು. ವೇದಿಕೆಯ ಮೇಲಿನವರು ಇದನ್ನು ನುಡಿಯುತ್ತಾರೆ. ಎದುರಿಗೆ ಕುಳಿತ ಉಪಾಧ್ಯಾಯರು ತಲೆದೂಗುತ್ತಾರೆ. ಮರುದಿನದ ಪತ್ರಿಕೆಯಲ್ಲಿ ಅದೇ ತಲೆಬರಹವಾಗುತ್ತದೆ. ಇದರ ಅರ್ಥವೇನೆಂದು ಕೆದಕಿ ವಿಚಾರಿಸಿದರೆ ಹೊರಬೀಳುವುದು ಇಷ್ಟೆ: ತರಗತಿಗೆ ಪರದೆ ಬಂದರೆ ಅದನ್ನು ಹಚ್ಚಬೇಕು, ಪಠ್ಯಪುಸ್ತಕದಲ್ಲಿ ಅಚ್ಚಾದ ಕ್ಯೂ.ಆರ್. ಗುರುತಿಗೆ ಮೊಬೈಲನ್ನು ಹಿಡಿಯಬೇಕು, ಮೇಲಿನಿಂದ ಬಂದ ಪಾಠವನ್ನು ಮಕ್ಕಳ ಮನೆಗೆ ಮುಟ್ಟಿಸಬೇಕು. ಹೀಗೆ ಮಾಡಿದವರ ಮನೋಭಾವ ಹೊಸದು, ಮಾಡದವರದು ಹಳೆಯದು. ಇಪ್ಪತ್ತು ವರ್ಷಗಳಿಗೆ ಮಿಕ್ಕಿ ಪಾಠ ಹೇಳಿಕೊಂಡು ಬಂದಿರುವ ನನಗೆ ಈ ಅರ್ಥ ಸಮ್ಮತವಲ್ಲ. ಅಷ್ಟು ತೂಕದ ಶಬ್ದವನ್ನು ಗುಂಡಿಯೊತ್ತುವ ಕೆಲಸಕ್ಕೆ ಇಳಿಸಿರುವುದರಿಂದ ಮಕ್ಕಳಿಗೆ ಹಾನಿಯಾಗುತ್ತಿದೆಯೆಂಬುದನ್ನು ವಾಚಕ ಮಹಾಶಯರಲ್ಲಿ ಅರಿಕೆ ಮಾಡಿಕೊಳ್ಳುವುದೇ ಈ ಲೇಖನದ ಉದ್ದೇಶ.

ಉಪಾಧ್ಯಾಯನು ಯಂತ್ರಕ್ಕೆ ಬೆದರುತ್ತಾನೆಂಬ ಆಕ್ಷೇಪಣೆಯನ್ನು ಮೊದಲು ನೋಡೋಣ. ಅಮೆರಿಕದ ಎಡಿಸನ್ ಮಹಾಶಯನು 1913ರಲ್ಲಿಯೇ, ಶಾಲೆಗಳಲ್ಲಿ ಪುಸ್ತಕಕ್ಕೆ ಇನ್ನು ಬಹಳ ಕಾಲ ಕೆಲಸವಿರದು, ಚಲಚ್ಚಿತ್ರವೇ ಅದರ ಸ್ಥಾನಕ್ಕೆ ಬರುವುದು ಎಂದು ಭವಿಷ್ಯ ನುಡಿದಿದ್ದನು. ನೂರು ವರ್ಷ ಕಳೆದುವು. ಪುಸ್ತಕ ಹಾಗೆಯೇ ಇದೆ. ಅಷ್ಟು ದೂರವೇಕೆ? ನಮ್ಮ ನಾಡಿನಲ್ಲಿಯೇ ಆಗಿನ ಬಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳಿಗೆ 1975ರ ಆಗಸ್ಟಿನಲ್ಲಿ ಆಕಾಶದಿಂದಲೇ ಪಾಠ ಇಳಿದು ಬಂದಿತು. ಅಮೆರಿಕದವರು ಒಂದು ವರ್ಷದ ಮಟ್ಟಿಗೆ ಎರವಲು ಕೊಟ್ಟ ಉಪಗ್ರಹದಿಂದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ ನಡೆದ ‘ಸೈಟ್’ ಎಂಬ ಪ್ರಯೋಗವದು. ಕೋಳಿಗೂಡಿಗೆ ಹೊದಿಸುವಂತಹ ತಂತಿಬಲೆಯಿಂದ ಮಾಡಿದ, ಬೋರಲು ಹಾಕಿದ ಛತ್ರಿಯಂತಿದ್ದ ಆಂಟೆನಾದ ಕೆಳಗೆ ಬೆಳಗ್ಗೆ ಮಕ್ಕಳೂ ಸಂಜೆ ಊರವರೂ ನೆರೆಯುತ್ತಿದ್ದರು. 1976ರ ಜುಲೈ ತಿಂಗಳಿಗೆ ಅವಧಿ ಮುಗಿದು ಉಪಗ್ರಹವು ಹೊರಟುಹೋಯಿತು. ಆ ಮೇಲೆ 2004ರಲ್ಲಿ ಶಿಕ್ಷಣಕ್ಕೆಂದೇ ‘ಎಜುಸ್ಯಾಟ್’ ಉಪಗ್ರಹವು ಮೇಲೇರಿತು. ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳು ಅದರ ಪಾಠಗಳನ್ನು ನೋಡಿದುವು. 2017ರಲ್ಲಿ ‘ದೀಕ್ಷಾ’ ಬಂದಿತು. ಇವೆಲ್ಲವನ್ನೂ ತರಗತಿಯೊಳಕ್ಕೆ ಬರಮಾಡಿಕೊಂಡವರು ಉಪಾಧ್ಯಾಯರೇ. ಯಂತ್ರ ಕೆಟ್ಟಾಗ, ವಿದ್ಯುತ್ತು ಹೋದಾಗ, ಅವಧಿ ತೀರಿದಾಗ ಸೀಮೆಸುಣ್ಣ ಹಿಡಿದು ಮಕ್ಕಳ ಮುಂದೆ ನಿಂತವರೂ ಅವರೇ. ಇವರನ್ನು ಹೊಸದಕ್ಕೆ ಬೆನ್ನು ತಿರುಗಿಸಿದವರೆಂದು ಕರೆಯುವುದು ಯಾವ ನ್ಯಾಯ?

2020ನೆಯ ಇಸವಿಯ ಮಾತಂತೂ ನಮ್ಮೆಲ್ಲರ ನೆನಪಿನಲ್ಲಿದೆ. ಮಾರ್ಚಿಯಲ್ಲಿ ಶಾಲೆಗಳ ಬಾಗಿಲು ಮುಚ್ಚಿತು. ಆಗಸ್ಟಿನಲ್ಲಿ ‘ವಿದ್ಯಾಗಮ’ವೆಂಬ ಏರ್ಪಾಡು ಬಂದಿತು. ಅದರಲ್ಲಿ ಮಕ್ಕಳನ್ನು ಮೂರು ಪಂಗಡ ಮಾಡಿದ್ದರು: ಮನೆಯಲ್ಲಿ ಯಾವ ಸಲಕರಣೆಯೂ ಇಲ್ಲದವರು, ಅಂತರ್ಜಾಲವಿಲ್ಲದ ಬರಿಯ ಫೋನು ಇರುವವರು, ಅಂತರ್ಜಾಲವುಳ್ಳ ಮೊಬೈಲೋ ಗಣಕಯಂತ್ರವೋ ಇರುವವರು. ಮಗುವಿಗೆ ಓದು ಎಷ್ಟು ಬರುತ್ತದೆ, ಲೆಕ್ಕ ಎಲ್ಲಿ ತಡವರಿಸುತ್ತದೆ ಎಂಬುದರ ಮೇಲೆ ಈ ವಿಂಗಡಣೆಯಾದುದಲ್ಲ. ಅದರ ತಂದೆಯ ಕಿಸೆಯಲ್ಲಿ ಏನಿದೆಯೆಂಬುದರ ಮೇಲೆ ಆಯಿತು. ಆ ಹೊತ್ತಿನಲ್ಲಿ ಬೇರೆ ದಾರಿಯಿರಲಿಲ್ಲವೆಂಬುದನ್ನು ಒಪ್ಪುತ್ತೇನೆ. ಆದರೆ ಮೊದಲನೆಯ ಪಂಗಡದ ಮಕ್ಕಳನ್ನು ಗುಡಿಯ ಜಗಲಿಯಲ್ಲಿ, ಅರಳಿಕಟ್ಟೆಯ ನೆರಳಿನಲ್ಲಿ ಕೂಡಿಸಿ ಪಾಠ ಹೇಳಿದವರು, ಹಳೆಯ ಮನೋಭಾವದವರೆಂದು ನಿಂದೆಗೆ ಗುರಿಯಾದ ಈ ಉಪಾಧ್ಯಾಯರೇ ಅಲ್ಲವೆ? ರೋಗದ ಭಯದಿಂದ ಅಕ್ಟೋಬರಿನಲ್ಲಿ ಅದೂ ನಿಂತಿತು. ಒಂದರಿಂದ ಐದನೆಯ ತರಗತಿಯವರೆಗಿನ ಮಕ್ಕಳಿಗೆ ಶಾಲೆಯ ಬಾಗಿಲು ಮತ್ತೆ ತೆರೆದುದು 2021ರ ಅಕ್ಟೋಬರ್ 25ರಂದು, ಅಂದರೆ ಹತ್ತೊಂಬತ್ತು ತಿಂಗಳಿಗೆ.

ಆ ಹತ್ತೊಂಬತ್ತು ತಿಂಗಳಲ್ಲಿ ನಾನು ಕಂಡ ಮನೆಗಳ ಸ್ಥಿತಿ ಹೀಗಿದ್ದಿತು. ಮನೆಗೆಲ್ಲ ಒಂದೇ ಫೋನು. ಹೊತ್ತು ಮೂಡುವ ಮೊದಲೇ ಅದು ಯಜಮಾನನ ಸಂಗಡ ಕೂಲಿಗೆ ಹೋಗಿ ರಾತ್ರಿ ಹಿಂದಿರುಗುವುದು. ಬಂದ ಮೇಲೆ ಹತ್ತನೆಯ ತರಗತಿಯ ಅಣ್ಣನಿಗೆ ಮೊದಲ ಹಕ್ಕು. ಏಳನೆಯ ತರಗತಿಯ ಅಕ್ಕ ಪಾತ್ರೆ ತೊಳೆದು ಬರುವಷ್ಟರಲ್ಲಿ ಹಾಕಿಸಿದ ಕರೆನ್ಸಿ ತೀರಿರುವುದು. ಎರಡನೆಯ ತರಗತಿಯ ಕೂಸಿಗೆ ನಿದ್ದೆ. ಹೀಗೆ ಪಾಠವು ‘ತಲಪಿತು’ ಎಂದು ವರದಿಯಲ್ಲಿ ಬರೆದುಕೊಂಡದ್ದೂ ಉಂಟು. ಇಡೀ ದೇಶದ ಗ್ರಾಮಾಂತರ ಮಕ್ಕಳನ್ನು ಪರೀಕ್ಷಿಸಿದ ‘ಅಸರ್’ ವರದಿಯ ಪ್ರಕಾರ, ಎರಡನೆಯ ತರಗತಿಯ ಪಾಠವನ್ನು ಓದಬಲ್ಲ ಮೂರನೆಯ ತರಗತಿಯ ಮಕ್ಕಳು 2018ರಲ್ಲಿ ನೂರಕ್ಕೆ 27.3 ಇದ್ದರು, 2022ರಲ್ಲಿ 20.5ಕ್ಕೆ ಇಳಿದರು. ಮೊದಲಿನ ಅಂಕಿಯೇ ನಾಚಿಕೆಗೇಡಿನದು ಎಂಬುದನ್ನು ನಾನೇನೂ ಮುಚ್ಚಿಡುವುದಿಲ್ಲ.

ಹಾಗಾದರೆ ಯಂತ್ರದಿಂದ ಪ್ರಯೋಜನವೇ ಇಲ್ಲವೆ? ಇದೆ. ಎಲ್ಲಿ ಇದೆ, ಎಲ್ಲಿ ಇಲ್ಲ ಎಂಬುದನ್ನು ನೋಡಿದರೆ ವಿವಾದದ ಗಂಟು ಬಿಚ್ಚುತ್ತದೆ. ದಕ್ಷಿಣ ಅಮೆರಿಕದ ಪೆರು ದೇಶದವರು ಬಡ ಹಳ್ಳಿಗಳ ಮಕ್ಕಳಿಗೆ ತಲೆಗೊಂದರಂತೆ ಲ್ಯಾಪ್‌ಟಾಪು ಹಂಚಿದರು. ಅಲ್ಲಿನ 319 ಶಾಲೆಗಳನ್ನು ಪರಿಶೀಲಿಸಿ 2012ರಲ್ಲಿ ಪ್ರಕಟವಾದ ಅಧ್ಯಯನವು, ಗಣಿತದಲ್ಲಾಗಲಿ ಭಾಷೆಯಲ್ಲಾಗಲಿ ಕಲಿಕೆ ಹೆಚ್ಚಿದುದಕ್ಕೆ ಸಾಕ್ಷ್ಯವಿಲ್ಲವೆಂದು ಹೇಳಿತು. ದಿಲ್ಲಿಯಲ್ಲಿ ನಡೆದ ಇನ್ನೊಂದು ಪ್ರಯೋಗದ ಫಲ ಇದಕ್ಕೆ ವಿರುದ್ಧವಾಗಿದೆ. ಶಾಲೆ ಬಿಟ್ಟ ಮೇಲೆ ‘ಮೈಂಡ್‌ಸ್ಪಾರ್ಕ್’ ಕೇಂದ್ರಗಳಿಗೆ ಹೋದ ಮಕ್ಕಳು ನಾಲ್ಕೂವರೆ ತಿಂಗಳಲ್ಲಿಯೇ ಗಣಿತದಲ್ಲಿಯೂ ಹಿಂದಿಯಲ್ಲಿಯೂ ಗಣನೀಯವಾಗಿ ಮುಂದುವರಿದರೆಂದು 2019ರಲ್ಲಿ ಅರ್ಥಶಾಸ್ತ್ರಜ್ಞರು ತೋರಿಸಿಕೊಟ್ಟರು. ಎರಡು ಕಡೆಯೂ ಗಣಕಯಂತ್ರವೇ, ಫಲವೇಕೆ ಬೇರೆ? ಪೆರುವಿನಲ್ಲಿ ಪೆಟ್ಟಿಗೆಯನ್ನು ಕೈಗಿತ್ತರು. ದಿಲ್ಲಿಯಲ್ಲಿ ಮೊದಲು ಮಗುವಿಗೆ ಏನು ಬರುತ್ತದೆಂದು ಪರೀಕ್ಷಿಸಿ, ಎಂಟನೆಯ ತರಗತಿಯ ಹುಡುಗನಾದರೂ ನಾಲ್ಕನೆಯದರ ಲೆಕ್ಕದಲ್ಲಿ ಎಡವುತ್ತಿದ್ದರೆ ಅಲ್ಲಿಂದಲೇ ಹಿಡಿದು ಕಲಿಸಿದರು. ಯಂತ್ರದ ಮುಂದೆ ನಲವತ್ತೈದು ನಿಮಿಷ, ಅಷ್ಟೇ ಹೊತ್ತು ಚಿಕ್ಕ ಗುಂಪಿನಲ್ಲಿ ಮನುಷ್ಯನ ಬಳಿ. ಮಗು ನಿಂತಿರುವ ಮೆಟ್ಟಿಲಿಗೆ ತಾನು ಇಳಿದು ಬರುವುದು ಒಳ್ಳೆಯ ಉಪಾಧ್ಯಾಯನ ಹಳೆಯ ವಿದ್ಯೆ. ಯಂತ್ರವು ಅದನ್ನು ಅನುಕರಿಸಿದಲ್ಲಿ ಗೆದ್ದಿದೆ. ಇಲ್ಲಿಯೋ, ಅರವತ್ತು ಮಕ್ಕಳಿಗೆ ಒಂದೇ ಪಾಠವನ್ನು ಗೋಡೆಯ ಮೇಲೆ ಓಡಿಸಿ, ನಿಗದಿಯಾದ ತಿಂಗಳೊಳಗೆ ಪಠ್ಯ ಮುಗಿಸಿರೆಂದು ಆಜ್ಞೆಮಾಡಿ, ಇದನ್ನೇ ನವೀನ ಶಿಕ್ಷಣವೆನ್ನುತ್ತಾರೆ.

ಇನ್ನು ‘ಮನೋಭಾವ’ವೆಂಬ ಶಬ್ದ. ಇದನ್ನು ಈ ಕಾಲದಲ್ಲಿ ಪ್ರಚಾರಕ್ಕೆ ತಂದವರು ಅಮೆರಿಕದ ಮನಶ್ಶಾಸ್ತ್ರಜ್ಞೆ ಕ್ಯಾರೊಲ್ ಡ್ವೆಕ್ ಎಂಬ ವಿದುಷಿ; 2006ರಲ್ಲಿ ಅವರ ಗ್ರಂಥ ಹೊರಬಂದಿತು. ಅವರು ಹೇಳಿದ ಮನೋಭಾವಕ್ಕೂ ಗುಂಡಿಯೊತ್ತುವುದಕ್ಕೂ ಯಾವ ನಂಟೂ ಇಲ್ಲ. ಬುದ್ಧಿಶಕ್ತಿಯು ಹುಟ್ಟಿನಿಂದ ಅಳೆದು ಕೊಟ್ಟದ್ದೆಂದು ನಂಬುವುದು ಒಂದು. ಪ್ರಯತ್ನ, ಸರಿಯಾದ ಮಾರ್ಗ, ಇತರರ ನೆರವು ಇವುಗಳಿಂದ ಅದು ಬೆಳೆಯುವುದೆಂದು ನಂಬುವುದು ಇನ್ನೊಂದು. ಈ ಎರಡನೆಯ ನಂಬಿಕೆಯನ್ನು ಗಣಕಯಂತ್ರದ ಮೂಲಕವೇ, ಒಂದು ಗಂಟೆಗೂ ಕಡಿಮೆ ಹೊತ್ತಿನ ಪಾಠದಿಂದ ಬಿತ್ತಬಹುದೇ ಎಂದು ಅಲ್ಲಿಯವರು ಒಂಬತ್ತನೆಯ ತರಗತಿಯ ಸುಮಾರು 12,000 ವಿದ್ಯಾರ್ಥಿಗಳಲ್ಲಿ ಪರೀಕ್ಷಿಸಿದರು. 2019ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ, ಹಿಂದುಳಿದ ವಿದ್ಯಾರ್ಥಿಗಳಿಗೆ ಲಾಭವಾದುದು ಕಂಡುಬಂದಿತು. ಬಹಳವಲ್ಲ, ಸರಾಸರಿ ಗ್ರೇಡಿನಲ್ಲಿ 0.1ರಷ್ಟು. ನಾನು ಒತ್ತಿ ಹೇಳಬೇಕೆಂದಿರುವುದು ಅದರ ಮುಂದಿನ ಸಂಗತಿಯನ್ನು. ಅದೇ ಸಂಶೋಧಕರು 2022ರಲ್ಲಿ ಪ್ರಕಟಿಸಿದ ಇನ್ನೊಂದು ವಿಮರ್ಶೆಯಲ್ಲಿ, ಯಾವ ತರಗತಿಯ ಗಣಿತದ ಉಪಾಧ್ಯಾಯರಿಗೆ ತಮ್ಮ ಮಕ್ಕಳ ಬುದ್ಧಿ ಬೆಳೆಯುವುದೆಂಬ ನಂಬಿಕೆಯಿದ್ದಿತೋ ಅಲ್ಲಿ ಆ ಪಾಠ ಫಲಿಸಿತು. ಆ ನಂಬಿಕೆಯಿಲ್ಲದವರ ತರಗತಿಯಲ್ಲಿ ಫಲ ಕಾಣಲಿಲ್ಲ. ಯಂತ್ರ ಒಂದೇ, ಪಾಠ ಒಂದೇ, ನಿಮಿಷಗಳೂ ಅಷ್ಟೆ. ಬೇರೆಯಾಗಿದ್ದುದು ತರಗತಿಯಲ್ಲಿ ನಿಂತವರ ಅಂತರಂಗ.

ಇದರಿಂದ ನನ್ನ ಸಹೋದ್ಯೋಗಿಗಳಿಗೆ ಸಮಾಧಾನವಾಗಬೇಕಾದ್ದಿಲ್ಲ. ಮನೋಭಾವ ಬದಲಾಗಬೇಕೆಂಬ ಮಾತಿಗೆ ನಿಜವಾದ ಅರ್ಥವನ್ನು ಕೊಟ್ಟರೆ ಅದು ನಮ್ಮನ್ನೇ ಹೆಚ್ಚು ಚುಚ್ಚುವುದು. ಶಾಲೆಯ ಉಪಾಧ್ಯಾಯರ ಕೊಠಡಿಯಲ್ಲಿ ‘ಹಿಂದಿನ ಬೆಂಚಿನವರು’ ಎಂಬ ಮಾತು ಎಷ್ಟು ಸಲೀಸಾಗಿ ಹೊರಡುವುದೆಂದು ನನಗೆ ಗೊತ್ತು. ಆದರೆ ವಿದ್ಯಾವಂತ ಗೃಹಸ್ಥರೂ ಇದರಿಂದ ಹೊರತಲ್ಲ. ಮಗುವಿನ ಎದುರಿನಲ್ಲಿಯೇ “ಇವನಿಗೆ ಲೆಕ್ಕ ತಲೆಗೆ ಹತ್ತುವುದಿಲ್ಲ, ಅವರಮ್ಮನ ಕಡೆಯ ಗುಣ” ಎಂದು ನಕ್ಕು ಹೇಳಿ, ಮರುವಾರ ಇಪ್ಪತ್ತು ಸಾವಿರ ರೂಪಾಯಿಗಳ ಟ್ಯಾಬು ತಂದುಕೊಡುವವರನ್ನು ನಾನು ಬಹಳ ಮಂದಿ ನೋಡಿದ್ದೇನೆ. (ಅಮ್ಮನ ಕಡೆಯವರಿಗೆ ಈ ಅಪವಾದ ಏಕೆ ಬಂದಿತೆಂಬುದು ಬೇರೆ ಲೇಖನದ ವಿಷಯ.) ಆ ಹುಡುಗನು ಮೊದಲನೆಯ ಮಾತನ್ನು ನಂಬಿರುತ್ತಾನೆ, ಟ್ಯಾಬಿನಲ್ಲಿ ಆಟವಾಡುತ್ತಾನೆ.

ಕುರುಡ ವಿದ್ಯಾರ್ಥಿಗೆ ಪಾಠವನ್ನು ಗಟ್ಟಿಯಾಗಿ ಓದಿ ಹೇಳುವ ಮೊಬೈಲು, ಬಯಲುಸೀಮೆಯ ಮಕ್ಕಳಿಗೆ ಸಮುದ್ರದ ಉಬ್ಬರವಿಳಿತವನ್ನು ತೋರಿಸುವ ಪರದೆ, ಒಬ್ಬರೇ ಉಪಾಧ್ಯಾಯರಿರುವ ಶಾಲೆಯಲ್ಲಿ ಒಂದು ತರಗತಿಯನ್ನು ಅರ್ಧ ಗಂಟೆ ಹಿಡಿದಿಡುವ ಪಾಠ, ಇವುಗಳನ್ನು ಬೇಡವೆನ್ನುವಷ್ಟು ಮೂಢನು ನಾನಲ್ಲ. ಇವೆಲ್ಲವನ್ನೂ ಬಳಸಿದ್ದೇನೆ. ನನ್ನ ತಕರಾರು ಹೊತ್ತಿನದು. ಬಿಸಿಯೂಟದ ಲೆಕ್ಕ, ಹಾಜರಿ, ಕಾರ್ಯಕ್ರಮಗಳ ಫೋಟೋ ಇವನ್ನೆಲ್ಲ ಮೊಬೈಲಿನಲ್ಲಿ ತುಂಬುವುದರಲ್ಲಿಯೇ ಉಪಾಧ್ಯಾಯನ ದಿನದ ಒಂದು ಪಾಲು ಕಳೆಯುತ್ತದೆ. ಯಂತ್ರವು ಆತನನ್ನು ಗುಮಾಸ್ತನನ್ನಾಗಿ ಮಾಡಿದ ಮೇಲೆ, ತಪ್ಪು ಭಾಗಾಕಾರ ಮಾಡಿದ ಹುಡುಗಿಯ ಪಕ್ಕದಲ್ಲಿ ಕುಳಿತು ಅವಳು ಎಲ್ಲಿ ಎಡವಿದಳೆಂದು ಕೇಳುವ ವ್ಯವಧಾನ ಎಲ್ಲಿಂದ ಬಂದೀತು?

ಆದಕಾರಣ ತರಬೇತಿಗಳನ್ನು ಏರ್ಪಡಿಸತಕ್ಕವರಲ್ಲಿ ನನ್ನ ಬೇಡಿಕೆ ಇಷ್ಟು. ಮುಂದಿನ ತರಬೇತಿಯಲ್ಲಿ ಪರದೆಯನ್ನು ಹಚ್ಚುವ ಬಗೆಗೆ ಅರ್ಧ ದಿನ ಸಾಕು. ಬುದ್ಧಿವಂತರಾದ ನಮ್ಮ ಉಪಾಧ್ಯಾಯರು ಅದನ್ನು ತಮ್ಮ ಮಕ್ಕಳಿಂದಲೇ ಈಗಾಗಲೇ ಕಲಿತಿದ್ದಾರೆ. ಮಿಕ್ಕ ದಿನಗಳಲ್ಲಿ ಪ್ರತಿಯೊಬ್ಬರೂ ತಮ್ಮ ತರಗತಿಯ ಅತ್ಯಂತ ಹಿಂದುಳಿದ ಮೂವರು ಮಕ್ಕಳ ಬರವಣಿಗೆಯ ಪುಸ್ತಕಗಳನ್ನು ತರಲಿ. ಅವುಗಳಲ್ಲಿನ ತಪ್ಪುಗಳನ್ನು ಮುಂದಿಟ್ಟುಕೊಂಡು, ಈ ಮಗು ಎಲ್ಲಿ ನಿಂತಿದೆ, ಯಾವ ಪಾಠದಿಂದ ಹಿಡಿಯಬೇಕು, ಅದಕ್ಕೆ ಪರದೆ ಬೇಕೋ ಹುಣಿಸೆಬೀಜ ಸಾಕೋ ಎಂಬ ಚರ್ಚೆ ನಡೆಯಲಿ. ವೇದಿಕೆಯ ಮೇಲಿನ ಮಹನೀಯರೂ ಕೆಳಗಿಳಿದು ಬಂದು, ಒಂದು ಪುಸ್ತಕವನ್ನು ತಮ್ಮ ಕೈಯಲ್ಲಿ ತೆಗೆದುಕೊಳ್ಳಲಿ.