ಡಿಎನ್‌ಎ ಎಳೆಯಲ್ಲಿ ಚಿನ್ನದ ಕಣ: ನಮಗೇನು ಲಾಭ?

ಔಷಧಿ ಅಂಗಡಿಗಳಲ್ಲಿ ದೊರೆಯುವ ಗರ್ಭಪರೀಕ್ಷೆಯ ಪಟ್ಟಿಯ ಮೇಲೆ ಮೂಡುವ ಕೆಂಪು ಗೆರೆ ಸಾಮಾನ್ಯವಾಗಿ ಚಿನ್ನದ ನ್ಯಾನೊ ಕಣಗಳದ್ದು. ಒಂದು ನ್ಯಾನೊಮೀಟರ್ ಎಂದರೆ ಮೀಟರಿನ ನೂರು ಕೋಟಿಯಲ್ಲೊಂದು ಭಾಗ. ಅಷ್ಟು ಸೂಕ್ಷ್ಮವಾದಾಗ ಚಿನ್ನ ಹಳದಿಯಾಗಿರದೆ ಕೆಂಪಾಗಿ ಕಾಣುತ್ತದೆ. ಅರಿಯದೆಯೇ ನಮ್ಮ ವರ್ತಕರು ನ್ಯಾನೊ ಸರಕನ್ನು ಮಾರುತ್ತಿದ್ದಾರೆ.

ಇಂತಹ ಕಣಗಳನ್ನು ಬೇಕಾದಂತೆ ಜೋಡಿಸಲು ವಿಜ್ಞಾನಿಗಳು ಡಿಎನ್‌ಎಯನ್ನು ಬಳಸುತ್ತಾರೆ. ಅದರ ನಾಲ್ಕು ಅಕ್ಷರಗಳಲ್ಲಿ ‘ಎ’ಗೆ ‘ಟಿ’ಯೇ ಜೊತೆ, ‘ಜಿ’ಗೆ ‘ಸಿ’ಯೇ ಜೊತೆ. ಚಲನ್ನಿಗೂ ಬಿಲ್ಲಿಗೂ ತಾಳೆಯಾದರಷ್ಟೇ ಮಾಲು ಇಳಿಸುವ ಕ್ರಮದಂತೆ, ಅಕ್ಷರಗಳು ತಾಳೆಯಾದ ಎಳೆಗಳು ಮಾತ್ರ ಕೂಡಿಕೊಳ್ಳುತ್ತವೆ. 1996ರಲ್ಲಿ ಅಮೆರಿಕದ ಚಾಡ್ ಮಿರ್ಕಿನ್ ಮತ್ತು ರಾಬರ್ಟ್ ಲೆಟ್ಸಿಂಗರ್ ಅವರ ತಂಡವು 13 ನ್ಯಾನೊಮೀಟರ್ ಅಳತೆಯ ಚಿನ್ನದ ಕಣಗಳಿಗೆ ಡಿಎನ್‌ಎ ಎಳೆಗಳನ್ನು ಅಂಟಿಸಿತು. ಹೊಂದುವ ಮತ್ತೊಂದು ಎಳೆಯನ್ನು ಬೆರೆಸಿದೊಡನೆ ಕಣಗಳು ತಾವಾಗಿಯೇ ಒಟ್ಟುಗೂಡಿ, ಕೆಂಪು ದ್ರಾವಣ ನೀಲಿಯತ್ತ ತಿರುಗಿತು. ಈ ಬಣ್ಣದ ಬದಲಾವಣೆಯೇ ರೋಗಪತ್ತೆಗೆ ದಾರಿಯಾಯಿತು.

ಆದರೆ ಲೆಕ್ಕಪತ್ರ ಬೇರೆಯೇ ಕಥೆ ಹೇಳುತ್ತದೆ. ಈ ವಿದ್ಯೆಯನ್ನಾಧರಿಸಿ ಹುಟ್ಟಿದ ನ್ಯಾನೊಸ್ಫಿಯರ್ ಕಂಪನಿಯ ಪರೀಕ್ಷೆಗೆ 2007ರಲ್ಲಿ ಅಮೆರಿಕ ಸರ್ಕಾರದ ಅನುಮತಿ ದೊರೆತರೂ, ನಷ್ಟದಲ್ಲಿಯೇ ಸಾಗಿದ ಕಂಪನಿಯು 2016ರಲ್ಲಿ ಲುಮಿನೆಕ್ಸ್ ಸಂಸ್ಥೆಯ ಪಾಲಾಯಿತು. ಅದರ ಪರೀಕ್ಷೆಗೆ ಪ್ರತ್ಯೇಕ ಯಂತ್ರ ಬೇಕಿತ್ತು. ಗರ್ಭಪರೀಕ್ಷೆಯ ಪಟ್ಟಿಗೆ ಕಣ್ಣೊಂದೇ ಸಾಕು. ಆವಿಷ್ಕಾರದ ಹಿರಿಮೆ ಒಂದು ಅಂಕಣ, ಗ್ರಾಹಕನ ಅಗತ್ಯ ಇನ್ನೊಂದು ಅಂಕಣ. ಎರಡೂ ತಾಳೆಯಾಗದೆ ಲಾಭವಿಲ್ಲ.

ಈ ವಿದ್ಯೆ ನಮ್ಮಿಂದ ದೂರದ್ದೇನೂ ಅಲ್ಲ. 2009ರಲ್ಲಿ ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ ಯಮುನಾ ಕೃಷ್ಣನ್ ಅವರ ತಂಡವು ಜೀವಂತ ಕೋಶದೊಳಗಿನ ಆಮ್ಲೀಯತೆಯನ್ನು ಅಳೆಯುವ ಡಿಎನ್‌ಎ ಸಾಧನವನ್ನು ರೂಪಿಸಿತು. 2014ರಲ್ಲಿ ಅವರು ಷಿಕಾಗೊ ವಿಶ್ವವಿದ್ಯಾಲಯಕ್ಕೆ ತೆರಳಿದರು. ಸಂಶೋಧಕರು ಎಲ್ಲಿಗಾದರೂ ಹೋಗಲಿ, ಅದು ಅವರ ಹಕ್ಕು. ಅವರು ಇಲ್ಲಿರುವಾಗ ನಮ್ಮಂಥ ಪಟ್ಟಣಗಳ ಉದ್ಯಮಿಗಳು ಅವರ ಬಾಗಿಲು ತಟ್ಟುತ್ತೇವೆಯೇ ಎಂಬುದು ಪ್ರಶ್ನೆ.

ನಮ್ಮ ಜಿಲ್ಲೆ ಎರಡು ಬಗೆಯ ಅನುಭವವನ್ನೂ ಕಂಡಿದೆ. 1902ರಲ್ಲಿ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ ಉತ್ಪಾದನೆಯಾದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹರಿಯಿತು. ಶಕ್ತಿ ನಮ್ಮದು, ಲಾಭ ಬೇರೆಡೆಯದು. ಆದರೆ 1933ರಲ್ಲಿ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅವರ ಶ್ರಮದಿಂದ ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ ಸ್ಥಾಪನೆಯಾದಾಗ ವಿಜ್ಞಾನ ಮತ್ತು ವ್ಯವಹಾರ ನಮ್ಮ ನೆಲದಲ್ಲಿಯೇ ಕೈಜೋಡಿಸಿದವು.

ಆದುದರಿಂದ ‘ನ್ಯಾನೊ’ ಎಂಬ ಹಣೆಪಟ್ಟಿ ಕಂಡು ಷೇರಿಗಾಗಲಿ ಸರಕಿಗಾಗಲಿ ಹಣ ಹೂಡುವುದು ಬೇಡ. ಮೊದಲು ಪರೀಕ್ಷಾ ವರದಿ ಕೇಳೋಣ. ಬೆಲ್ಲಕ್ಕೆ ಬೆರೆಸಿದ ರಾಸಾಯನಿಕ ಮಿತಿ ಮೀರಿದೆಯೇ, ಹಾಲು ಕಲಬೆರಕೆಯೇ ಎಂದು ಸ್ಥಳದಲ್ಲಿಯೇ ಅಗ್ಗವಾಗಿ ತಿಳಿಯುವ ಪಟ್ಟಿ ನಮಗೆ ಬೇಕು. ಇಂತಹ ಅಗತ್ಯಗಳ ಪಟ್ಟಿಯನ್ನು ವಾಣಿಜ್ಯ ಮಂಡಳಿಯೇ ಸಿದ್ಧಪಡಿಸಿ, ವರ್ಷಕ್ಕೊಮ್ಮೆ ಬೆಂಗಳೂರಿನ ಸಂಶೋಧಕರ ಮುಂದಿಡಲಿ. ಕಂಪನಿಗಳ ಆಂತರಿಕ ಸಂಶೋಧನೆಗಿದ್ದ ಶೇ. 200ರ ತೆರಿಗೆ ಕಡಿತವು 2017ರ ಏಪ್ರಿಲ್‌ನಿಂದ ಶೇ. 150ಕ್ಕೆ, 2020ರ ಏಪ್ರಿಲ್‌ನಿಂದ ಶೇ. 100ಕ್ಕೆ ಇಳಿಯಿತು. ಸಣ್ಣ ಉದ್ಯಮಿಗಳಿಗೆ ಅದು ಎಂದೂ ಸುಲಭವಾಗಿ ಎಟುಕಿರಲಿಲ್ಲ. ರಿಯಾಯಿತಿಗೆ ಕಾಯದೆ, ಸದಸ್ಯರೆಲ್ಲರೂ ಸ್ವಲ್ಪ ಸ್ವಲ್ಪ ಸೇರಿಸಿ ಒಂದು ನಿಧಿ ಸ್ಥಾಪಿಸುವ ವಿಷಯವನ್ನು ಮುಂದಿನ ಸಭೆಯ ಕಾರ್ಯಸೂಚಿಗೆ ಸೇರಿಸಬೇಕೆಂದು ಕೋರುತ್ತೇನೆ.