ಮೊದಲು ಸದ್ದು, ಆಮೇಲೆ ಸೂತ್ರ

ಡಿಸೆಂಬರಿನ ಒಂದು ಸಂಜೆ ಮಟ್ಟುವಿನ ನಮ್ಮ ಮನೆಯ ಜಗಲಿಯಿಂದ ವಿಚಿತ್ರವಾದ ಸದ್ದೊಂದು ಹೊರಟಿತು. ಮೊದಲು ಜೀರುಂಡೆಯಂತೆ, ಮತ್ತೆ ಕೆಟ್ಟ ಮೋಟಾರಿನಂತೆ, ಕೊನೆಗೆ ಯಾವುದರಂತೆಯೂ ಅಲ್ಲದೆ. ಗುಳ್ಳದ ಗದ್ದೆಗೆ ನೀರು ಬಿಡುತ್ತಿದ್ದ ನೆರೆಮನೆಯವರು ಬೇಲಿಯಾಚೆಯಿಂದ, ‘ಎಂತ ಮಾಸ್ಟ್ರೆ, ಹಂದಿ ಓಡಿಸುವ ಮಿಷನ್ನಾ?’ ಎಂದು ವಿಚಾರಿಸಿದರು. ಹೌದೆಂದು ಹೇಳಿದ್ದರೆ ನನ್ನ ಮರ್ಯಾದೆ ಉಳಿಯುತ್ತಿತ್ತು. ಆದರೆ ಅದರಿಂದ ಯಾವ ಉಪಯೋಗವೂ ಇರಲಿಲ್ಲ. ಅದು ಸದ್ದಿಗಾಗಿಯೇ ಮಾಡಿದ ಸದ್ದಿನ ಪೆಟ್ಟಿಗೆ.

ಮೂವತ್ತು ವರ್ಷಕ್ಕೂ ಮಿಕ್ಕಿ ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಮಾಡಿ ನಿವೃತ್ತನಾದ ನನಗೆ ವಿದ್ಯುತ್ತಿನೊಡನೆ ಇದ್ದ ಸಂಬಂಧ ಸ್ವಿಚ್ಚು ಒತ್ತುವಷ್ಟರದ್ದು. ಎಂಟನೆಯ ತರಗತಿಯಲ್ಲಿದ್ದಾಗ ತಂದೆಯವರ ರೇಡಿಯೋದ ಹಿಂಬದಿ ಬಿಚ್ಚಿ, ಮತ್ತೆ ಜೋಡಿಸಲಾಗದೆ ಬೆತ್ತದ ರುಚಿ ನೋಡಿದ್ದೆ. ಅಂದು ಕೆಳಗಿಟ್ಟ ಸ್ಕ್ರೂಡ್ರೈವರನ್ನು ಅರವತ್ತು ದಾಟಿದ ಮೇಲೆ ಮತ್ತೆ ಕೈಗೆತ್ತಿಕೊಂಡೆ. ಅದಕ್ಕೆ ಕಾರಣ ಪಕ್ಕದ ಮನೆಯ ಹುಡುಗ. ಎಸ್‌ಎಸ್‌ಎಲ್‌ಸಿಯ ವಿಜ್ಞಾನದಲ್ಲಿ ಎರಡು ಬಾರಿ ಅನುತ್ತೀರ್ಣನಾಗಿ, ಮನೆಯಲ್ಲಿ ಮಾತು ಕಡಿಮೆ ಮಾಡಿದ್ದ ಅವನು, ನನ್ನಲ್ಲಿ ಕನ್ನಡ ವ್ಯಾಕರಣಕ್ಕೆಂದು ಬರುತ್ತಿದ್ದ. ಮೊಬೈಲಿನಲ್ಲಿ ನೋಡಿದ ಒಂದು ಚಿತ್ರವನ್ನು ತೋರಿಸಿ, ‘ಇದು ಆಗ್ತದಾ ಮಾಸ್ಟ್ರೆ?’ ಎಂದು ಕೇಳಿದ. ನನಗೂ ತಿಳಿಯದ್ದರಿಂದ ನಾವಿಬ್ಬರೂ ಒಂದೇ ತರಗತಿಯ ವಿದ್ಯಾರ್ಥಿಗಳಾದೆವು.

ಪೆಟ್ಟಿಗೆಯೊಳಗೆ ಇರುವುದು ಬಹಳ ಕಡಿಮೆ. 40106 ಎಂಬ ಹದಿನಾಲ್ಕು ಕಾಲಿನ ಒಂದು ಐಸಿ, ಒಂಬತ್ತು ವೋಲ್ಟಿನ ಬ್ಯಾಟರಿ, ಕೆಲವು ಕೆಪಾಸಿಟರ್ ಮತ್ತು ಹಳೆಯ ರೇಡಿಯೋದ ವಾಲ್ಯೂಮ್ ಕಂಟ್ರೋಲುಗಳು. ಐಸಿಯಲ್ಲಿ ಆರು ‘ಮಗುಚುವ’ ಘಟಕಗಳಿವೆ. ಒಳಬರುವ ವೋಲ್ಟೇಜು ಒಂದು ಮಟ್ಟ ಮೀರಿ ಏರಿದರೆ ಹೊರಗೆ ಸೊನ್ನೆ, ಇನ್ನೊಂದು ಮಟ್ಟಕ್ಕಿಂತ ಇಳಿದರೆ ಹೊರಗೆ ಪೂರ್ಣ. ಈ ಹೊರಗಿನದನ್ನೇ ರೆಸಿಸ್ಟರಿನ ಮೂಲಕ ಒಳಗಿನ ಕೆಪಾಸಿಟರಿಗೆ ಹರಿಸಿದರೆ ಅದು ತುಂಬುತ್ತದೆ. ತುಂಬಿದೊಡನೆ ಘಟಕ ಮಗುಚುತ್ತದೆ, ಕೆಪಾಸಿಟರ್ ಬರಿದಾಗತೊಡಗುತ್ತದೆ. ಬರಿದಾದೊಡನೆ ಮತ್ತೆ ಮಗುಚುತ್ತದೆ. ಈ ತುಂಬುವ ಬರಿದಾಗುವ ಆಟ ಸೆಕೆಂಡಿಗೆ ನೂರಾರು ಸಲ ನಡೆದಾಗ ಅದು ಕಿವಿಗೆ ಸ್ವರ. 0.1 ಮೈಕ್ರೋಫ್ಯಾರಡ್ ಕೆಪಾಸಿಟರಿಗೆ ಒಂದು ಲಕ್ಷ ಓಮ್‌ನ ಕಂಟ್ರೋಲ್ ಜೋಡಿಸಿದರೆ ಸೆಕೆಂಡಿಗೆ ಸುಮಾರು ನೂರು ಕಂಪನಗಳ ಗೊಗ್ಗರು ಧ್ವನಿ. ತಿರುಗಿಸಿ ರೋಧವನ್ನು ಹತ್ತನೆಯ ಒಂದು ಪಾಲಿಗೆ ಇಳಿಸಿದರೆ ಸಾವಿರದ ಸಮೀಪದ ಸೀಟಿ. ಬ್ಯಾಟರಿ ಸ್ಪೀಕರಿಗೆ ಕೊಡುವಾಗ ನಡುವೆ ಒಂದು ದೊಡ್ಡ ರೆಸಿಸ್ಟರ್ ಇಟ್ಟೆವು. ಗೋಡೆಯ ವಿದ್ಯುತ್ತಿನ ಹತ್ತಿರ ಮಾತ್ರ ಹೋಗಲಿಲ್ಲ. ಹೊಸಬರಿಗೆ ನಾನು ಕಟ್ಟುನಿಟ್ಟಾಗಿ ಹೇಳುವ ಮಾತು ಅದೊಂದೇ.

ಒಂದು ಸಂಜೆ ಕಂಟ್ರೋಲು ಕೈಕೊಟ್ಟಿತು. ಹುಡುಗ ಅಡುಗೆಮನೆಯಿಂದ ಒಂದು ಗುಳ್ಳ ತಂದು, ಅದಕ್ಕೆ ಎರಡು ಮೊಳೆ ಚುಚ್ಚಿ, ತಂತಿಗಳನ್ನು ಸಿಕ್ಕಿಸಿದ. ಪೆಟ್ಟಿಗೆ ಹಾಡಿತು! ಮೊಳೆಯನ್ನು ಆಳಕ್ಕೆ ಒತ್ತಿದಂತೆ ಸ್ವರ ಏರಿತು. ವಾದಿರಾಜರ ಪ್ರಸಾದವೆಂದು ನಾವು ನಂಬುವ, 2011ರಲ್ಲಿ ಭೌಗೋಳಿಕ ಮಾನ್ಯತೆ ಪಡೆದ ಮಟ್ಟುಗುಳ್ಳ ಹೀಗೆ ರೆಸಿಸ್ಟರಾಗಿಯೂ ಸೇವೆ ಸಲ್ಲಿಸಿತು. ‘ಸಾಂಬಾರಿಗೆ ಇಟ್ಟದ್ದು’ ಎಂದು ನನ್ನ ಪತ್ನಿ ಆಕ್ಷೇಪಿಸಿದ್ದು ನ್ಯಾಯವೇ ಆಗಿತ್ತು. ಆದರೆ ರೋಧವೆಂದರೇನು ಎಂಬುದನ್ನು ಆ ಹುಡುಗ ಅಂದು ಕೇಳಿಸಿಕೊಂಡ. ಓಮ್‌ನ ನಿಯಮವನ್ನು ಅವನು ಅದಕ್ಕೂ ಮೊದಲೇ ಎರಡು ವರ್ಷ ಬಾಯಿಪಾಠ ಮಾಡಿದ್ದನೆಂಬುದನ್ನು ಮರೆಯಬಾರದು.

ತಪ್ಪುಗಳು ಹೇರಳ. ಬ್ಯಾಟರಿ ತಿರುಗುಮುರುಗಾಗಿ ಮೊದಲ ಐಸಿ ಬೆರಳು ಸುಡುವಷ್ಟು ಬಿಸಿಯಾಗಿ ಸತ್ತಿತು. ಎರಡನೆಯದು ನಾವು ಮುಟ್ಟದಿದ್ದರೂ ಕಿರುಚುತ್ತಿತ್ತು, ಹತ್ತಿರ ಕೈ ತಂದರೆ ಸ್ವರ ಬದಲಿಸುತ್ತಿತ್ತು. ಹುಡುಗ ಅದಕ್ಕೆ ಭೂತ ಮೆಟ್ಟಿದೆ ಎಂದು ತಮಾಷೆ ಮಾಡಿದ. ನಾಲ್ಕು ದಿನ ಹುಡುಕಿದ ಮೇಲೆ ತಿಳಿದದ್ದು: ಬಳಸದ ಘಟಕಗಳ ಒಳಬರುವ ಕಾಲುಗಳನ್ನು ಎಲ್ಲಿಗೂ ಜೋಡಿಸದೆ ಬಿಟ್ಟರೆ ಅವು ಸುತ್ತಲಿನ ವಿದ್ಯುತ್ ಗುಂಜನವನ್ನೆಲ್ಲ ಹಿಡಿದುಕೊಳ್ಳುತ್ತವೆ. ಅವನ್ನು ಬ್ಯಾಟರಿಯ ಒಂದು ತುದಿಗೆ ಬೆಸೆದೊಡನೆ ಭೂತ ಇಳಿಯಿತು. ಸಮುದ್ರದ ಉಪ್ಪುಗಾಳಿಗೆ ತಾಮ್ರ ಹಸಿರುಗಟ್ಟಿ ಬೆಸುಗೆ ಬಿಡುವುದು ನಮ್ಮೂರಿನ ಖಾಸಾ ಸಮಸ್ಯೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಬಿಡಿಭಾಗ ಕೊಳ್ಳುವವರಿಗೆ ಈ ಕಷ್ಟವಿಲ್ಲ.

‘ಈಗಿರುವ ಸದ್ದು ಸಾಲದೇ?’ ಎಂದು ಓದುಗರು ಕೇಳಬಹುದು. ನ್ಯಾಯವಾದ ಪ್ರಶ್ನೆ. 2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ ಹಾಕಿವೆ. ಅದನ್ನು ಪಾಲಿಸುವ ಊರನ್ನು ನಾನು ಕಂಡಿಲ್ಲ. ಆದರೆ ಧ್ವನಿವರ್ಧಕದ ಅಬ್ಬರ ನಮ್ಮ ಮೇಲೆ ಹೇರಿದ್ದು. ಅಂಗೈಯಗಲದ ಸ್ಪೀಕರಿನ ಸದ್ದು ನಾವೇ ಹುಟ್ಟಿಸಿದ್ದು, ಬೇಡವೆಂದರೆ ನಿಲ್ಲಿಸಬಹುದಾದ್ದು. ಇಟಲಿಯ ರುಸೋಲೋ 1913ರಲ್ಲೇ ಗದ್ದಲವೂ ಸಂಗೀತದ ಸಾಮಗ್ರಿಯೆಂದು ಸಾರಿ, ಗದ್ದಲದ ಯಂತ್ರಗಳನ್ನು ಕಟ್ಟಿದ್ದ. ನಮ್ಮ ದೇಶವೂ ಇದಕ್ಕೆ ಹೊರತಲ್ಲ. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ 1969ರಲ್ಲಿ ಅಮೆರಿಕದ ಡೇವಿಡ್ ಟ್ಯೂಡರ್ ನೆರವಿನಿಂದ ಮೂಗ್ ಸಿಂಥಸೈಜರಿನ ಸ್ಟುಡಿಯೋ ನಿಂತಿತು. ಗೀತಾ ಸಾರಾಭಾಯಿ ಮೊದಲಾದವರು ಅಲ್ಲಿ ಮಾಡಿದ ಪ್ರಯೋಗಗಳು ದಶಕಗಳ ಕಾಲ ಟೇಪಿನಲ್ಲೇ ಮಲಗಿದ್ದು, 2023ರಲ್ಲಷ್ಟೇ ಧ್ವನಿಮುದ್ರಿಕೆಯಾಗಿ ಹೊರಬಂದವು.

ಅಷ್ಟು ದೂರ ಹೋಗುವುದೂ ಬೇಡ. ಬೆಂಗಳೂರಿನಲ್ಲಿ ಸಂಗೀತಗಾರರೂ ಎಂಜಿನಿಯರರೂ ಆದ ಜಿ. ರಾಜ್ ನಾರಾಯಣ್ ಅವರು 1979ರಲ್ಲಿ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆಯನ್ನು ರೂಪಿಸಿದರು. ಯಕ್ಷಗಾನದಲ್ಲಿ ಹಿಂದೆ ಶ್ರುತಿಗೆ ಪುಂಗಿಯಿತ್ತು, ಆಮೇಲೆ ಹಾರ್ಮೋನಿಯಂ ಬಂತು, ಈಗ ಭಾಗವತರ ಪಕ್ಕದಲ್ಲಿ ಕುಳಿತಿರುವುದು ಈ ವಿದ್ಯುತ್ ಪೆಟ್ಟಿಗೆ. ನಮ್ಮ ಕಿರಿಚುವ ಪೆಟ್ಟಿಗೆಯೂ ಅದರ ದೂರದ, ಶಿಸ್ತಿಲ್ಲದ ದಾಯಾದಿಯೇ. ಎರಡರಲ್ಲೂ ಇರುವುದು ಮಿಡಿಯುವ ಮಂಡಲವೇ.

ನನ್ನ ತಕರಾರು ಬೇರೆ ಇದೆ. 2024ರ ಎಸ್‌ಎಸ್‌ಎಲ್‌ಸಿ ಫಲಿತಾಂಶದಲ್ಲಿ ಶೇಕಡಾ 94ರೊಂದಿಗೆ ಉಡುಪಿ ಜಿಲ್ಲೆ ರಾಜ್ಯಕ್ಕೆ ಪ್ರಥಮ. ಒಂದು ಕಡೆ ಮಣಿಪಾಲ, ಇನ್ನೊಂದು ಕಡೆ ಕಾರ್ಕಳದ ನಿಟ್ಟೆ. ಎಂಜಿನಿಯರಿಂಗ್ ಕಾಲೇಜಿಗೆ ನಮ್ಮಲ್ಲಿ ಬರವಿಲ್ಲ. ಆದರೆ ಈ ಶೇಕಡಾ 94ರಲ್ಲಿ ಎಷ್ಟು ಮಕ್ಕಳು ಒಂದು ತಂತಿಗೆ ಬೆಸುಗೆ ಹಾಕಿದ್ದಾರೆ? 2016ರಿಂದ ಅಟಲ್ ಟಿಂಕರಿಂಗ್ ಪ್ರಯೋಗಾಲಯಗಳಿಗಾಗಿ ಆಯ್ದ ಶಾಲೆಗಳಿಗೆ ತಲಾ 20 ಲಕ್ಷ ರೂಪಾಯಿವರೆಗೆ ಅನುದಾನ ಸಿಗುತ್ತಿದೆ. ಯೋಜನೆ ಒಳ್ಳೆಯದೇ. ನಾನು ಕಂಡ ಒಂದು ಶಾಲೆಯಲ್ಲಿ ಮಾತ್ರ ಆ ಸಾಮಗ್ರಿಗಳು ಗಾಜಿನ ಕಪಾಟಿನೊಳಗೆ ಬೀಗ ಹಾಕಿಕೊಂಡು ಕುಳಿತಿದ್ದವು. ‘ಮಕ್ಕಳು ಹಾಳು ಮಾಡ್ತಾರೆ’ ಎಂಬುದು ಅಲ್ಲಿ ದೊರೆತ ಸಮಜಾಯಿಷಿ. ಹಾಳು ಮಾಡದೆ ಕಲಿಯುವುದು ಹೇಗೆ? ನಮ್ಮ ಐಸಿಯ ಬೆಲೆ ಮೂವತ್ತು ರೂಪಾಯಿಯೊಳಗೆ, ಮೂರನ್ನು ಸುಟ್ಟೆವು. ಒಂದು ಗೈಡಿನ ಬೆಲೆಯೂ ಆಗಲಿಲ್ಲ.

ಉಪಯುಕ್ತ ಮಾದರಿಗಳನ್ನೇ ಮಾಡಿಸಬೇಕೆಂಬ ಹಟವೂ ಮಕ್ಕಳನ್ನು ಹಿಮ್ಮೆಟ್ಟಿಸುತ್ತದೆ. ವಿಜ್ಞಾನ ಮೇಳದಲ್ಲಿ ನೀರು ಉಳಿಸುವ, ಅಪಘಾತ ತಡೆಯುವ ಯಂತ್ರ ಕೆಲಸ ಮಾಡದಿದ್ದರೆ ಅದು ಸೋಲು. ಸದ್ದಿನ ಪೆಟ್ಟಿಗೆಗೆ ಸೋಲೆಂಬುದಿಲ್ಲ. ತಪ್ಪು ಜೋಡಿಸಿದರೆ ಬೇರೆ ಸದ್ದು ಬರುತ್ತದೆ, ಅಷ್ಟೆ. ಅನುತ್ತೀರ್ಣನೆಂಬ ಹಣೆಪಟ್ಟಿ ಹೊತ್ತವನಿಗೆ ಇದು ಸಣ್ಣ ವಿಷಯವಲ್ಲ. ವಾರಕ್ಕೊಂದು ಅವಧಿಯಾದರೂ ಅಂಕವಿಲ್ಲದೆ, ಬಹುಮಾನವಿಲ್ಲದೆ, ಆ ಕಪಾಟುಗಳ ಬೀಗ ತೆಗೆಯಲು ಶಿಕ್ಷಣ ಇಲಾಖೆ ಆದೇಶಿಸಬಾರದೇಕೆ? ವಸ್ತು ಒಡೆದರೆ ಶಿಕ್ಷಕರ ಸಂಬಳದಿಂದ ಕಡಿತವಾಗದೆಂಬ ಒಂದು ಸಾಲನ್ನೂ ಅದರಲ್ಲಿ ಸೇರಿಸಬೇಕು. ಬೀಗದ ನಿಜವಾದ ಕಾರಣ ಹೆಚ್ಚಿನ ಕಡೆ ಆ ಭಯವೇ ಎಂದು ಮೇಷ್ಟ್ರಾಗಿದ್ದ ನಾನು ಬಲ್ಲೆ.

2022ರಲ್ಲಿ ಕೇಂದ್ರ ಸರ್ಕಾರ ‘ದುರಸ್ತಿಯ ಹಕ್ಕಿ’ನ ಬಗ್ಗೆ ಸಮಿತಿ ರಚಿಸಿತು. ಹಕ್ಕು ಬಂದರೂ ಬಿಚ್ಚುವ ಕೈ ಬೇಕಲ್ಲ. ನನ್ನ ಬಾಲ್ಯದಲ್ಲಿ ಪೇಟೆಗೊಂದು ರೇಡಿಯೋ ರಿಪೇರಿಯ ಅಂಗಡಿಯಿತ್ತು. ಅಲ್ಲಿ ನಿಂತು ನೋಡಿಯೇ ಕಲಿತವರಿದ್ದರು. ಆ ಅಂಗಡಿಗಳು ಈಗ ಮೊಬೈಲ್ ಕವರು ಮಾರುತ್ತಿವೆ. ತಾಳಮದ್ದಳೆಯ ಹಳೆಯ ಕ್ಯಾಸೆಟ್ಟುಗಳ ಪಟ್ಟಿಯನ್ನು ಎಳೆದು ಗದ್ದೆಯ ಮೇಲೆ ಹಕ್ಕಿ ಬೆದರಿಸಲು ಕಟ್ಟಿದ್ದನ್ನು ನೀವೂ ನೋಡಿರಬಹುದು. ಗಾಳಿ ಬೀಸಿದಾಗ ಅದು ಗುಂಯ್ ಎನ್ನುತ್ತದೆ. ಯಾವ ಅರ್ಥಧಾರಿಯ ಯಾವ ವಾದ ಅದರೊಳಗಿದೆಯೋ ಎಂದುಕೊಂಡು ನಾನು ನಿಂತು ಕೇಳುವುದುಂಟು.

ಫೆಬ್ರವರಿಯಲ್ಲಿ ನೆರೆಮನೆಯವರ ಔಷಧಿ ಸಿಂಪಡಿಸುವ ಬ್ಯಾಟರಿ ಪಂಪು ನಿಂತುಹೋಯಿತು. ಹೊಸದು ಕೊಳ್ಳಲು ಉಡುಪಿಗೆ ಹೊರಟಿದ್ದರು. ಹುಡುಗ ಅದನ್ನು ನಮ್ಮ ಜಗಲಿಗೆ ತಂದು, ಬಿಚ್ಚಿ, ಸ್ವಿಚ್ಚಿನ ಹಿಂದೆ ಹಸಿರುಗಟ್ಟಿದ ತಂತಿಯನ್ನು ಕಂಡು, ಕೆರೆದು ಬೆಸೆದ. ಪಂಪು ಗುರ್ರ್ ಎಂದಿತು. ‘ಸ್ವಲ್ಪ ಕೆಳಗಿನ ಶ್ರುತಿ, ಮಾಸ್ಟ್ರೆ’ ಎಂದ.