ಹಾಸನದ ಹಠಾತ್ ಸಾವುಗಳು: ರಕ್ತನಾಳದ ವಿಜ್ಞಾನ ತಾಲ್ಲೂಕಿಗೆ ತಲುಪುವುದೆಂದು?

2025ರ ಮೇ ಕೊನೆಯಿಂದ ಜೂನ್ ಮುಗಿಯುವವರೆಗೆ ಹಾಸನ ಜಿಲ್ಲೆಯ ಹೆಸರು ರಾಜ್ಯದಾದ್ಯಂತ ಒಂದೇ ಕಾರಣಕ್ಕೆ ಕೇಳಿಬಂತು. ಇಂದು ಒಬ್ಬರು, ನಾಳೆ ಇಬ್ಬರು ಎಂಬಂತೆ ಹೃದಯಾಘಾತದ ಸಾವುಗಳು ವರದಿಯಾದವು. ಸತ್ತವರಲ್ಲಿ ಇನ್ನೂ ಸಂಸಾರ ಕಟ್ಟಿಕೊಳ್ಳದ ತರುಣರೂ ಇದ್ದರು. ಸಂಖ್ಯೆ ಇಪ್ಪತ್ತು ದಾಟುವ ಹೊತ್ತಿಗೆ ಭೀತಿಯು ಜಿಲ್ಲೆಯ ಗಡಿಯನ್ನೂ ದಾಟಿತ್ತು. ಬೆಂಗಳೂರು ಮತ್ತು ಮೈಸೂರಿನ ಜಯದೇವ ಹೃದ್ರೋಗ ಆಸ್ಪತ್ರೆಗಳ ಮುಂದೆ ತಪಾಸಣೆಗಾಗಿ ಜನ ಮುಗಿಬಿದ್ದರು. ಅವರಲ್ಲಿ ಹೆಚ್ಚಿನವರಿಗೆ ಯಾವ ಕಾಯಿಲೆಯೂ ಇರಲಿಲ್ಲ, ಇದ್ದದ್ದು ಹೆದರಿಕೆ.

ಆ ಹೆದರಿಕೆಗೆ ರಾಜಕೀಯದ ಗಾಳಿಯೂ ಸೇರಿತು. ಕೋವಿಡ್ ಲಸಿಕೆಗೆ ಅವಸರದಲ್ಲಿ ಅನುಮತಿ ನೀಡಿದ್ದೂ ಇದಕ್ಕೆ ಕಾರಣವಿರಬಹುದೆಂಬ ಸಂಶಯವನ್ನು ಮುಖ್ಯಮಂತ್ರಿ ಸಿದ್ದರಾಮಯ್ಯ ಅವರು ಜುಲೈ 1ರಂದು ವ್ಯಕ್ತಪಡಿಸಿದರು. ಮರುದಿನವೇ ಕೇಂದ್ರ ಆರೋಗ್ಯ ಸಚಿವಾಲಯವು ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ ಅಧ್ಯಯನವನ್ನು ಮುಂದಿಟ್ಟು ಅದನ್ನು ಅಲ್ಲಗಳೆಯಿತು. 19 ರಾಜ್ಯ ಮತ್ತು ಕೇಂದ್ರಾಡಳಿತ ಪ್ರದೇಶಗಳ 47 ಆಸ್ಪತ್ರೆಗಳಲ್ಲಿ, 18ರಿಂದ 45 ವರ್ಷದವರ ಹಠಾತ್ ಸಾವುಗಳನ್ನು ಪರಿಶೀಲಿಸಿದ್ದ ಆ ಅಧ್ಯಯನಕ್ಕೆ ಲಸಿಕೆಯಿಂದ ಅಪಾಯ ಹೆಚ್ಚಿದ್ದರ ಕುರುಹು ಸಿಕ್ಕಿರಲಿಲ್ಲ. ವಾದ ಪ್ರತಿವಾದಗಳ ನಡುವೆ ಹಾಸನದ ಸಾವುಗಳು ಹಿನ್ನೆಲೆಗೆ ಸರಿದವು.

ಜಯದೇವ ಸಂಸ್ಥೆಯ ಆಗಿನ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದ ತಜ್ಞರ ಸಮಿತಿಯು ಜುಲೈನಲ್ಲಿ ನೀಡಿದ ವರದಿಯನ್ನು ಈಗ ಶಾಂತವಾಗಿ ಓದಿದರೆ ಬೇರೆಯದೇ ಸಂಗತಿ ಗೋಚರಿಸುತ್ತದೆ. ಸಮಿತಿ ಪರಿಶೀಲಿಸಿದ್ದು 24 ಸಾವುಗಳನ್ನು. ಅವುಗಳಲ್ಲಿ 4 ಹೃದಯಕ್ಕೆ ಸಂಬಂಧಿಸಿದವೇ ಅಲ್ಲ. ಒಂದು ರಸ್ತೆ ಅಪಘಾತ. ಉಳಿದ 20ರಲ್ಲಿ 10 ಸಾವುಗಳು ಹೃದ್ರೋಗದಿಂದಲೇ ಎಂದು ಖಚಿತವಾದವು. ಇನ್ನುಳಿದ 10ಕ್ಕೆ ಸಮಿತಿ ಬಳಸಿದ್ದು ‘ಸಂಭಾವ್ಯ’ ಎಂಬ ಪದವನ್ನು. ಜಿಲ್ಲೆಯಲ್ಲಿ ಹೃದಯ ಸಂಬಂಧಿ ಸಾವುಗಳು ಅಸಹಜವಾಗಿ ಏರಿಲ್ಲ ಎಂಬುದೇ ವರದಿಯ ಒಟ್ಟು ತಾತ್ಪರ್ಯವಾಗಿತ್ತು. ಜನ ನಿಟ್ಟುಸಿರು ಬಿಟ್ಟರು, ಸುದ್ದಿಯೂ ತಣ್ಣಗಾಯಿತು.

ಆದರೆ ಆ ‘ಸಂಭಾವ್ಯ’ ಎಂಬ ಒಂದು ಪದವನ್ನು ಅಷ್ಟು ಸುಲಭವಾಗಿ ದಾಟಿ ಹೋಗುವಂತಿಲ್ಲ. ಇಸಿಜಿ ಇಲ್ಲದೆ, ಆಂಜಿಯೋಗ್ರಾಂ ಇಲ್ಲದೆ, ಮರಣೋತ್ತರ ಪರೀಕ್ಷೆಯೂ ಇಲ್ಲದೆ ಸತ್ತವರ ಬಗ್ಗೆ ಎಷ್ಟೇ ನುರಿತ ತಜ್ಞರಾದರೂ ಹೇಳಬಹುದಾದದ್ದು ಅಷ್ಟೇ. ಮನೆಯವರು ಹೇಳಿದ್ದನ್ನು ಕೇಳಿ, ಎದೆ ಹಿಡಿದುಕೊಂಡು ಕುಸಿದರು ಎಂಬ ಮಾತನ್ನು ಆಧರಿಸಿ ಒಂದು ಅಂದಾಜಿಗೆ ಬರಬೇಕು. ಅಂದಾಜಿನ ಮೇಲೆ ಲಸಿಕೆಯ ವಾದವನ್ನೂ ಕಟ್ಟಬಹುದು, ಅದರ ವಿರುದ್ಧದ ವಾದವನ್ನೂ ಕಟ್ಟಬಹುದು. ಆ ಬೇಸಿಗೆಯ ಕೊನೆಯಲ್ಲಿ ನಡೆದದ್ದು ಬಹುಮಟ್ಟಿಗೆ ಇದೇ.

ಒಳಪದರದ ಕಥೆ

ಹೃದಯಾಘಾತ ಎಂಬ ಶಬ್ದವೇ ಒಂದಿಷ್ಟು ದಾರಿ ತಪ್ಪಿಸುತ್ತದೆ. ಆಘಾತ ಎಂದೊಡನೆ ಅದು ಸಿಡಿಲಿನಂತೆ ಎರಗುವ ಘಟನೆ ಎನಿಸುತ್ತದೆ. ಬಹುಪಾಲು ಪ್ರಕರಣಗಳಲ್ಲಿ ಅದು ಹತ್ತಾರು ವರ್ಷ ನಡೆದ ಕ್ರಿಯೆಯೊಂದರ ಕೊನೆಯ ಕೆಲವು ನಿಮಿಷಗಳು ಮಾತ್ರ. ಮೂಲದಲ್ಲಿ ಅದು ರಕ್ತನಾಳದ ರೋಗ. ದೇಹದ ಎಲ್ಲ ರಕ್ತನಾಳಗಳ ಒಳಗೂ ಒಂದೇ ಒಂದು ಜೀವಕೋಶದಷ್ಟು ದಪ್ಪದ ಪದರವೊಂದಿದೆ. ವಿಜ್ಞಾನಿಗಳು ಇದನ್ನು ಎಂಡೋಥೀಲಿಯಂ ಎನ್ನುತ್ತಾರೆ. ಬಹುಕಾಲ ಇದನ್ನು ಕೊಳವೆಗೆ ಬಳಿದ ಸುಣ್ಣದಂತೆ ನಿರ್ಜೀವ ಲೇಪವೆಂದೇ ಭಾವಿಸಲಾಗಿತ್ತು. ಈ ಪದರದ ಕೋಶಗಳು ನೈಟ್ರಿಕ್ ಆಕ್ಸೈಡ್ ಎಂಬ ಅನಿಲವನ್ನು ಹೊರಸೂಸಿ ನಾಳವನ್ನು ಸಡಿಲಗೊಳಿಸುತ್ತವೆ ಎಂಬುದು ಗೊತ್ತಾದದ್ದು 1980ರ ದಶಕದಲ್ಲಿ. ಇದಕ್ಕೆ ಸಂಬಂಧಿಸಿದ ಸಂಶೋಧನೆಗೆ ಫರ್ಚ್‌ಗಾಟ್, ಇಗ್ನಾರೋ ಮತ್ತು ಮುರಾದ್ ಅವರಿಗೆ 1998ರ ನೊಬೆಲ್ ದೊರೆಯಿತು.

ಹೊಗೆ, ಸಕ್ಕರೆ ಕಾಯಿಲೆ, ಅಧಿಕ ರಕ್ತದೊತ್ತಡ ಇವೆಲ್ಲ ಮೊದಲು ಕೆಡಿಸುವುದು ಈ ಪದರವನ್ನೇ. ಕೆಟ್ಟ ಜಾಗದಲ್ಲಿ ಕೊಲೆಸ್ಟ್ರಾಲ್ ಹೊತ್ತ ಕಣಗಳು ನಾಳದ ಗೋಡೆಯೊಳಗೆ ನುಸುಳುತ್ತವೆ. ಅವನ್ನು ತಿಂದು ತೆರವುಗೊಳಿಸಲು ಬಂದ ಬಿಳಿ ರಕ್ತಕೋಶಗಳು ತಿಂದದ್ದು ಅರಗದೆ ಅಲ್ಲಿಯೇ ಉಬ್ಬಿ ಕೂರುತ್ತವೆ. ವರ್ಷಗಳು ಕಳೆದಂತೆ ಅದು ತೆಳುವಾದ ಮುಚ್ಚಳವುಳ್ಳ ಗಂಟಾಗುತ್ತದೆ. ಒಂದು ದಿನ ಮುಚ್ಚಳ ಬಿರಿಯುತ್ತದೆ. ಗಾಯವಾಯಿತೆಂದು ತಿಳಿದ ಪ್ಲೇಟ್‌ಲೆಟ್‌ಗಳು ಓಡಿಬಂದು ರಕ್ತ ಹೆಪ್ಪುಗಟ್ಟಿಸುತ್ತವೆ. ಕೈ ಕೊಯ್ದುಕೊಂಡಾಗ ಜೀವ ಉಳಿಸುವ ಅದೇ ಕ್ರಿಯೆ ಇಲ್ಲಿ ಜೀವ ತೆಗೆಯುತ್ತದೆ. ಗಂಟು ದೊಡ್ಡದಿರಬೇಕೆಂದೇನೂ ಇಲ್ಲ. ಯಾವ ಲಕ್ಷಣವನ್ನೂ ತೋರದಿದ್ದ ಚಿಕ್ಕ ಗಂಟು ಕೂಡ ಬಿರಿಯಬಹುದು. ನಿನ್ನೆಯವರೆಗೆ ಚೆನ್ನಾಗಿಯೇ ಇದ್ದರು ಎಂಬ ಮಾತು ಸಾವಿನ ಮನೆಗಳಲ್ಲಿ ಕೇಳಿಬರುವುದು ಇದೇ ಕಾರಣಕ್ಕೆ.

ಈ ನಾಳಗಳು ಮೂಲತಃ ಹೇಗೆ ರೂಪುಗೊಳ್ಳುತ್ತವೆ ಎಂಬ ಪ್ರಶ್ನೆಯನ್ನು ಬೆನ್ನಟ್ಟಿದ ಪ್ರಯೋಗಾಲಯವೊಂದು ಕರ್ನಾಟಕದಲ್ಲಿಯೇ ಇದೆ ಎಂಬುದು ಅನೇಕರಿಗೆ ತಿಳಿಯದು. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಮನೀಷಾ ಇನಾಂದಾರ್ ಅವರು ಕಟ್ಟಿದ ರಕ್ತನಾಳ ಜೀವಶಾಸ್ತ್ರ ಪ್ರಯೋಗಾಲಯವದು. ಇಲಿಯ ಭ್ರೂಣದ ಆಕರಕೋಶಗಳಲ್ಲಿ ಈ ತಂಡವು ಹೊಸ ವಂಶವಾಹಿಯೊಂದನ್ನು ಗುರುತಿಸಿ 2003ರಲ್ಲಿ ವರದಿ ಮಾಡಿತು. ಅದಕ್ಕಿಟ್ಟ ಹೆಸರು ‘ಅಸೃಜ್’, ಸಂಸ್ಕೃತದಲ್ಲಿ ರಕ್ತ ಎಂದರ್ಥ. 2006ರಲ್ಲಿ ಅದೇ ತಂಡ ವಿವರಿಸಿದ ಇನ್ನೊಂದು ಪ್ರೋಟೀನಿನ ಹೆಸರು ‘ರುಧಿರ’. ಪಾಶ್ಚಾತ್ಯ ವಿಜ್ಞಾನಪತ್ರಿಕೆಗಳ ಪುಟಗಳಲ್ಲಿ ಈ ಎರಡು ಹೆಸರುಗಳು ಇಂದಿಗೂ ಹಾಗೆಯೇ ಅಚ್ಚಾಗುತ್ತವೆ. ನಾಳದ ಒಳಪದರದ ಕೋಶಗಳು ಸರಿಯಾದ ದಿಕ್ಕಿನಲ್ಲಿ ಚಲಿಸಲು ರುಧಿರ ಬೇಕು. ಅದನ್ನು ತೆಗೆದುಹಾಕಿದ ಇಲಿಯ ಭ್ರೂಣದಲ್ಲಿ ನಾಳಗಳ ಜಾಲ ಅಸ್ತವ್ಯಸ್ತವಾಗಿ, ಅದು ಗರ್ಭದಲ್ಲಿಯೇ ಸಾಯುತ್ತದೆ. ಇನಾಂದಾರ್ ಅವರು 2022ರಲ್ಲಿ ಬೆಂಗಳೂರಿನ ಆಕರಕೋಶ ಸಂಶೋಧನಾ ಸಂಸ್ಥೆ ಇನ್‌ಸ್ಟೆಮ್‌ನ ನಿರ್ದೇಶಕಿಯಾದರು.

ಅಸೃಜ್‌ನ ಮುಂದಿನ ಕಥೆ ಇನ್ನೂ ಕುತೂಹಲಕರ. ಅದಿಲ್ಲದ ಇಲಿಗಳಲ್ಲಿ ರಕ್ತದ ಆಕರಕೋಶಗಳು ವಿಶ್ರಾಂತಿ ಸ್ಥಿತಿಯನ್ನು ಬಿಟ್ಟು ಹತೋಟಿಯಿಲ್ಲದೆ ವೃದ್ಧಿಯಾಗುತ್ತವೆ. ಇದು ರಕ್ತದ ಕ್ಯಾನ್ಸರ್‌ಗೆ ಸಂಬಂಧಿಸಿದ ಸಂಗತಿಯಲ್ಲವೇ, ಹೃದಯಕ್ಕೂ ಇದಕ್ಕೂ ಏನು ನಂಟು ಎಂದು ಕೇಳಬಹುದು. ವಯಸ್ಸಾದಂತೆ ರಕ್ತದ ಆಕರಕೋಶಗಳಲ್ಲಿ ಉಂಟಾಗುವ ಕೆಲವು ವಂಶವಾಹಿ ಬದಲಾವಣೆಗಳು ಹೃದಯದ ರಕ್ತನಾಳಗಳ ಕಾಯಿಲೆಯ ಅಪಾಯವನ್ನೂ ಹೆಚ್ಚಿಸುತ್ತವೆ ಎಂದು ಅಮೆರಿಕದ ಸಂಶೋಧಕರು 2017ರಲ್ಲಿ ತೋರಿಸಿದ್ದಾರೆ. ಜಕ್ಕೂರಿನ ಇಲಿಗಳಿಂದ ಹಾಸನದ ಸಾವಿಗೆ ನೇರ ಗೆರೆ ಎಳೆಯುವುದು ಅತಿರೇಕವಾದೀತು. ಆದರೂ ರಕ್ತ ಮತ್ತು ರಕ್ತನಾಳಗಳನ್ನು ಬೇರೆ ಬೇರೆ ಇಲಾಖೆಗಳಂತೆ ನೋಡುವ ಕಾಲ ಮುಗಿಯುತ್ತಿದೆ ಎಂಬುದರಲ್ಲಿ ಅನುಮಾನವಿಲ್ಲ.

ಮೂಲ ಸಂಶೋಧನೆಯಿಂದ ಜನಸಾಮಾನ್ಯರಿಗೇನು ಲಾಭ ಎಂಬುದು ಹಳೆಯ ಪ್ರಶ್ನೆ. ಅದಕ್ಕೆ ಉತ್ತರವಾಗಿ ಒಂದು ಪುಟ್ಟ ಸೀಸೆಯನ್ನು ತೋರಿಸಬಹುದು. ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಪ್ರೋಟೀನೊಂದು ರಕ್ತನಾಳದ ಒಳಪದರದಲ್ಲಿಯೇ ತಯಾರಾಗುತ್ತದೆ. ಬೆಲ್ಜಿಯಂನ ದೇಸಿರೇ ಕೊಲೆನ್ ಅವರು ಅದನ್ನು ಕ್ಯಾನ್ಸರ್ ಕೋಶಗಳಿಂದ ಶುದ್ಧೀಕರಿಸಿದರು. 1980ರ ದಶಕದಲ್ಲಿ ಅದರ ವಂಶವಾಹಿಯನ್ನು ಬೇರ್ಪಡಿಸಿ ಔಷಧವಾಗಿ ತಯಾರಿಸಲಾಯಿತು. ಆಮೇಲೆ ಅದರ ರಚನೆಯಲ್ಲಿ ಮೂರು ಕಡೆ ತಿದ್ದಿ, ಒಂದೇ ಚುಚ್ಚುಮದ್ದಿನಲ್ಲಿ ಕೊಡಬಹುದಾದ ಟೆನೆಕ್ಟಿಪ್ಲೇಸ್ ಎಂಬ ರೂಪಕ್ಕೆ ತರಲಾಯಿತು. ಪುಣೆಯ ಕಂಪನಿಯೊಂದು ಅದನ್ನು ನಮ್ಮ ದೇಶದಲ್ಲಿಯೇ ತಯಾರಿಸುತ್ತದೆ. ಮೂವತ್ತು ಸಾವಿರ ರೂಪಾಯಿಗೂ ಮೇಲ್ಪಟ್ಟ ಬೆಲೆಯ ಈ ಔಷಧವನ್ನು ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ಕೊಡುವುದೇ ನಟ ಪುನೀತ್ ರಾಜ್‌ಕುಮಾರ್ ಅವರ ಹೆಸರಿನ ಹೃದಯ ಜ್ಯೋತಿ ಯೋಜನೆಯ ತಿರುಳು. 2021ರ ಅಕ್ಟೋಬರ್ 29ರಂದು, 46ನೇ ವಯಸ್ಸಿನಲ್ಲಿ ಪುನೀತ್ ತೀರಿಕೊಂಡಾಗಲೂ ರಾಜ್ಯ ಹೀಗೆಯೇ ಬೆಚ್ಚಿಬಿದ್ದಿತ್ತು. ಹಾಸನದ ಸಾವುಗಳ ನಂತರ ಯೋಜನೆಯನ್ನು ಎಲ್ಲ ತಾಲ್ಲೂಕು ಆಸ್ಪತ್ರೆಗಳಿಗೂ ವಿಸ್ತರಿಸುವುದಾಗಿ ಸರ್ಕಾರ ಪ್ರಕಟಿಸಿತು.

ನಲವತ್ತು ಕಿಲೋಮೀಟರ್

ಹಾಸನದ ಮಟ್ಟಿಗೆ ಈ ನಿರ್ಧಾರದ ಬೆಲೆ ತಿಳಿಯಬೇಕಾದರೆ ನಕ್ಷೆಯನ್ನು ನೋಡಬೇಕು. ಅರಸೀಕೆರೆಯಿಂದ ಜಿಲ್ಲಾ ಕೇಂದ್ರಕ್ಕೆ ನಲವತ್ತು ಕಿಲೋಮೀಟರ್‌ಗೂ ಹೆಚ್ಚು ದಾರಿ. ಬೇಲೂರಿನಿಂದಲೂ ಹೆಚ್ಚುಕಡಿಮೆ ಅಷ್ಟೇ. ಬೇಲೂರು ತಾಲ್ಲೂಕಿಗೆ ಸೇರಿದ ಹಳೇಬೀಡು ಹಾಸನಕ್ಕೆ ಸ್ವಲ್ಪ ಹತ್ತಿರ. ತನ್ನ ತಾಲ್ಲೂಕು ಕೇಂದ್ರಕ್ಕೆ ಅದು ಹದಿನಾರು ಕಿಲೋಮೀಟರ್ ದೂರ. ಇವೆಲ್ಲ ಊರುಗಳಿಂದ ಊರುಗಳಿಗಿರುವ ಅಂತರ. ತೆಂಗಿನ ತೋಟದ ಮನೆಯಿಂದ ಡಾಂಬರು ರಸ್ತೆಗೆ ಬಂದು, ವಾಹನ ಹುಡುಕಿ, ಹೊರಡುವ ಹೊತ್ತನ್ನು ಇದಕ್ಕೆ ಸೇರಿಸಿಕೊಳ್ಳಬೇಕು. ನಾಳ ಮುಚ್ಚಿಹೋದ ಅರ್ಧ ಗಂಟೆಯ ಆಸುಪಾಸಿನಲ್ಲಿ ಹೃದಯದ ಸ್ನಾಯು ಸಾಯಲು ಆರಂಭವಾಗುತ್ತದೆ. ಮೊದಲ ಮೂರು ಗಂಟೆಯೊಳಗೆ ಕೊಟ್ಟರೆ ಕರಗಿಸುವ ಔಷಧದ ಫಲ ಅತ್ಯುತ್ತಮ. ಹನ್ನೆರಡು ಗಂಟೆ ದಾಟಿದರೆ ಬಹುತೇಕ ನಿಷ್ಪ್ರಯೋಜಕ.

ಹೀಗಾಗಿ ಸೀಸೆ ಹಾಸನದಲ್ಲಿದ್ದರೆ ಸಾಲದು, ಅರಸೀಕೆರೆಯಲ್ಲಿ, ಬೇಲೂರಿನಲ್ಲಿ ಇರಬೇಕು. ಸೀಸೆ ಇದ್ದ ಮಾತ್ರಕ್ಕೂ ಕೆಲಸವಾಗದು. ಎದೆನೋವೆಂದು ಬಂದವನ ಇಸಿಜಿಯನ್ನು ಹತ್ತು ನಿಮಿಷದೊಳಗೆ ತೆಗೆಯುವವರು ರಾತ್ರಿ ಎರಡು ಗಂಟೆಗೂ ಇರಬೇಕು. ಅದನ್ನು ಓದಿ ಹೇಳುವ ತಜ್ಞರು ದೂರದ ಆಸ್ಪತ್ರೆಯಲ್ಲಿ ಸಂಪರ್ಕಕ್ಕೆ ಸಿಗಬೇಕು. ಈ ಔಷಧವು ಎಲ್ಲ ಬಗೆಯ ಹೃದಯಾಘಾತಕ್ಕೂ ಅಲ್ಲ. ಈಚೆಗೆ ಮೆದುಳಿನ ಪಾರ್ಶ್ವವಾಯು ಅಥವಾ ರಕ್ತಸ್ರಾವ ಆದವರಿಗೆ ಕೊಟ್ಟರೆ ಅದೇ ಕಂಟಕವಾದೀತು. ತಾಲ್ಲೂಕು ಆಸ್ಪತ್ರೆಯ ಯುವ ವೈದ್ಯರೊಬ್ಬರು ಇಂಥ ತೀರ್ಮಾನವನ್ನು ಒಂಟಿಯಾಗಿ ಕೈಗೊಳ್ಳಲು ಅಳುಕಿದರೆ ಅದು ಅವರ ತಪ್ಪಲ್ಲ. ಔಷಧ ಕೊಟ್ಟ ಮೇಲೂ ರೋಗಿಯನ್ನು ಒಂದು ದಿನದೊಳಗೆ ಆಂಜಿಯೋಗ್ರಾಂ ಸೌಲಭ್ಯವಿರುವಲ್ಲಿಗೆ ಸಾಗಿಸಬೇಕು. ಸೀಸೆಯನ್ನು ಕೊಳ್ಳುವುದು ಸರ್ಕಾರಕ್ಕೆ ಸುಲಭ. ಅದರ ಸುತ್ತ ಇಷ್ಟೆಲ್ಲ ಮನುಷ್ಯರನ್ನು ನಿಲ್ಲಿಸುವುದೇ ಕಷ್ಟ, ಮತ್ತು ಯೋಜನೆಯನ್ನು ಅಳೆಯಬೇಕಾದದ್ದೂ ಅದರಿಂದಲೇ.

ಸಮಿತಿಯ ವರದಿಯಲ್ಲಿ ಇನ್ನೊಂದು ಅಂಶವಿತ್ತು. ಸತ್ತವರಲ್ಲಿ ಆಟೋ ಮತ್ತು ಟ್ಯಾಕ್ಸಿ ಚಾಲಕರು ಗಮನಾರ್ಹ ಸಂಖ್ಯೆಯಲ್ಲಿದ್ದರು. ಹೊಯ್ಸಳ ದೇಗುಲಗಳು 2023ರ ಸೆಪ್ಟೆಂಬರ್‌ನಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಬೇಲೂರು, ಹಳೇಬೀಡುಗಳಿಗೆ ಪ್ರವಾಸಿಗರನ್ನು ಹೊತ್ತು ತರುವವರು ಇಂಥ ಚಾಲಕರೇ. ನಿದ್ದೆಗೆಟ್ಟು ದುಡಿಯುವುದು, ಗಂಟೆಗಟ್ಟಲೆ ಕೂತಲ್ಲೇ ಕೂರುವುದು, ಹೊತ್ತಲ್ಲದ ಹೊತ್ತಿನ ಊಟ, ಎಚ್ಚರವಾಗಿರಲು ಬೀಡಿ ಇಲ್ಲವೇ ಸಿಗರೇಟು. ರಕ್ತನಾಳದ ಒಳಪದರಕ್ಕೆ ಇದಕ್ಕಿಂತ ಕೆಟ್ಟ ದಿನಚರಿಯನ್ನು ಊಹಿಸುವುದು ಕಠಿಣ. ಚಾಲನಾ ಪರವಾನಗಿ ನವೀಕರಣದ ಹೊತ್ತಿನಲ್ಲಿ ರಕ್ತದೊತ್ತಡ, ಸಕ್ಕರೆ, ಕೊಲೆಸ್ಟ್ರಾಲ್ ನೋಡುವ ಏರ್ಪಾಡು ಮಾಡಿದರೆ ದೊಡ್ಡ ಖರ್ಚೇನೂ ಬಾರದು.

ಎಲ್ಲರಿಗೂ ಈ ವಿವರಣೆ ಹೊಂದುವುದಿಲ್ಲ ಎಂಬುದನ್ನೂ ಹೇಳಬೇಕು. ಜಯದೇವ ಸಂಸ್ಥೆಯು 40 ವರ್ಷದೊಳಗಿನ ಹೃದ್ರೋಗಿಗಳಿಗಾಗಿಯೇ 2017ರಲ್ಲಿ ಪ್ರತ್ಯೇಕ ನೋಂದಣಿಯೊಂದನ್ನು ಆರಂಭಿಸಿತು. ಧೂಮಪಾನ, ಮಧುಮೇಹ, ರಕ್ತದೊತ್ತಡ ಯಾವುದೂ ಇಲ್ಲದ ತರುಣರೂ ಅಲ್ಲಿಗೆ ಬರುತ್ತಾರೆ. ಅವರಲ್ಲಿ ಕೆಲವರಿಗೆ ವಂಶಪಾರಂಪರ್ಯವಾಗಿ ಬರುವ ಲೈಪೋಪ್ರೋಟೀನ್-ಎ ಎಂಬ ಕಣದ ಹೆಚ್ಚಳ ಕಾರಣವಿರಬಹುದು. ಸಾಮಾನ್ಯ ಕೊಲೆಸ್ಟ್ರಾಲ್ ಪರೀಕ್ಷೆಯಲ್ಲಿ ಅದು ಕಾಣುವುದಿಲ್ಲ. ಇನ್ನು ಕೆಲವರಿಗೆ ರಕ್ತನಾಳದಲ್ಲಿ ದೋಷವೇ ಇರುವುದಿಲ್ಲ. ಹೃದಯದ ಸ್ನಾಯು ದಪ್ಪವಾಗಿರುತ್ತದೆ ಅಥವಾ ಅದರ ವಿದ್ಯುತ್ ಲಯದಲ್ಲಿ ವಂಶವಾಹಿಯಿಂದ ಬಂದ ಐಬಿರುತ್ತದೆ. ಹೊರಗಿನಿಂದ ನೋಡುವವರಿಗೆ ಈ ಮೂರೂ ಸಾವುಗಳು ಒಂದೇ ತೆರ. ಆದರೆ ಸತ್ತವನ ತಮ್ಮನಿಗೆ, ಮಕ್ಕಳಿಗೆ ಯಾವ ತಪಾಸಣೆ ಆಗಬೇಕು ಎಂಬುದು ಮೂರರಲ್ಲೂ ಬೇರೆ ಬೇರೆ.

ಅದನ್ನು ತಿಳಿಯುವ ಸಾಧನ ಮರಣೋತ್ತರ ಪರೀಕ್ಷೆ. ಆಸ್ಪತ್ರೆಯ ಹೊರಗೆ ಸಂಭವಿಸುವ ಹಠಾತ್ ಸಾವುಗಳನ್ನು ಕಡ್ಡಾಯವಾಗಿ ವರದಿ ಮಾಡಬೇಕು, ಶವಪರೀಕ್ಷೆ ನಡೆಸಬೇಕು ಎಂಬ ತೀರ್ಮಾನವನ್ನು ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಅವರು 2025ರ ಜುಲೈನಲ್ಲಿ ಪ್ರಕಟಿಸಿದರು. ಇಡೀ ಪ್ರಕರಣದಲ್ಲಿ ದೂರಗಾಮಿಯಾದ ಮಾತು ಇದೊಂದೇ, ಚರ್ಚೆಯಾಗದೇ ಹೋದದ್ದೂ ಇದೇ. ದುಃಖದಲ್ಲಿರುವ ಕುಟುಂಬದ ಮುಂದೆ ಕೊಯ್ಯುವ ಮಾತೆತ್ತುವುದು ಸುಲಭವಲ್ಲ. ಅಪಘಾತ, ಆತ್ಮಹತ್ಯೆ, ಕೊಲೆಗಳಿಗಷ್ಟೇ ಶವಪರೀಕ್ಷೆ ಎಂಬ ಭಾವನೆ ಹಳ್ಳಿಗಳಲ್ಲಿ ಆಳವಾಗಿ ಬೇರೂರಿದೆ; ಪೊಲೀಸರು, ಪಂಚನಾಮೆ ಎಂದೊಡನೆ ಜನ ಹಿಂಜರಿಯುತ್ತಾರೆ. ಒಪ್ಪಿದರೂ, ಕಿರೀಟ ಧಮನಿಯನ್ನು ಅಡ್ಡಡ್ಡಲಾಗಿ ಕತ್ತರಿಸಿ ಹೆಪ್ಪು ಎಲ್ಲಿದೆ ಎಂದು ನೋಡುವವರು ಬೇಕು. ಸ್ನಾಯುವಿನ ತುಣುಕನ್ನು ಫಾರ್ಮಾಲಿನ್‌ನಲ್ಲಿಟ್ಟು ಸೂಕ್ಷ್ಮದರ್ಶಕದಡಿ ಪರೀಕ್ಷಿಸುವ ರೋಗಶಾಸ್ತ್ರಜ್ಞರು ಬೇಕು. ಹೃದಯ ಸಹಜವಾಗಿಯೇ ಕಂಡರೆ ಒಂದಿಷ್ಟು ರಕ್ತವನ್ನು ವಂಶವಾಹಿ ಪರೀಕ್ಷೆಗೆ ತೆಗೆದಿಡಬೇಕು. 2006ರಲ್ಲಿ ಆರಂಭವಾದ ವೈದ್ಯಕೀಯ ಕಾಲೇಜು ಹಾಸನದಲ್ಲಿದೆ. ಅಂಥ ಪರೀಕ್ಷೆ ನಡೆಸಬಲ್ಲ ಪ್ರಯೋಗಾಲಯಗಳು ಬೆಂಗಳೂರಿನಲ್ಲಿವೆ. ಅರಸೀಕೆರೆಯ ಶವಾಗಾರದಿಂದ ಆ ಸಣ್ಣ ಡಬ್ಬಿಯನ್ನು ಅಲ್ಲಿಗೆ ಯಾರು ಒಯ್ಯಬೇಕು, ಫಲಿತಾಂಶವನ್ನು ಮರಳಿ ಮನೆಯವರಿಗೆ ಯಾರು ತಿಳಿಸಬೇಕು ಎಂಬುದನ್ನು ಜುಲೈನ ಆ ಪ್ರಕಟಣೆ ಬಿಡಿಸಿ ಹೇಳಿರಲಿಲ್ಲ.